ಮರುಭೂಮಿಯಲ್ಲಿ ಹಿಟಾಚಿ, ಜೆಸಿಬಿ ಓಡಿಸುವವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಒಂಬತ್ತು ವರ್ಷ ಸೌದಿಯಲ್ಲಿದ್ದೆ. ಮೊದಲು ಆಪರೇಟರ್, ಆಮೇಲೆ ಅದೇ ಮಷಿನ್‌ಗಳ ಮೆಕ್ಯಾನಿಕ್. ಈಗ ಕಲಬುರಗಿಗೆ ವಾಪಸ್ ಬಂದು ಸೇಡಂ ರಸ್ತೆ ಕಡೆ ಮಷಿನ್ ಸರ್ವಿಸ್ ನೋಡಿಕೊಳ್ಳುತ್ತೇನೆ. ಚಿತ್ತಾಪುರದ ಕಲ್ಲಿನ ಖಣಿಯಿಂದ, ಯಾದಗಿರಿ ಕ್ರಷರ್‌ಗಳಿಂದ, ಬೀದರ್ ಕಡೆಯಿಂದ ಹುಡುಗರು ಬರುತ್ತಾರೆ. ಕೆಲವರು ಗಲ್ಫ್‌ಗೆ ಹೊರಟವರು, ಕೆಲವರು ಅಲ್ಲಿಂದಲೇ ಫೋನ್ ಮಾಡುವವರು. ಕೇಳುವುದು ಮಾತ್ರ ಹೆಚ್ಚುಕಡಿಮೆ ಅವೇ ಪ್ರಶ್ನೆ. ಚಹಾ ಕುಡಿಯುತ್ತ ಹೇಳಿದ ಉತ್ತರಗಳನ್ನೇ ಇಲ್ಲಿ ಬರೆದಿಟ್ಟಿದ್ದೇನೆ. ಹಿಟಾಚಿ ಅಂದರೆ ಇಲ್ಲಿ ಕಂಪನಿ ಹೆಸರಲ್ಲ, ನಮ್ಮ ಕಡೆ ಚೈನ್ ಮೇಲೆ ನಡೆಯುವ ಯಾವ ಅಗೆಯೋ ಮಷಿನ್ ಆದರೂ ಹಿಟಾಚಿಯೇ ಅಲ್ವಾ?

## ಹೊರಡುವ ಮುಂಚೆ

ಅಣ್ಣಾ, ಕಲಬುರಗಿ ಬಿಸಿಲಾಗ ಮಷಿನ್ ಓಡಿಸಿದವ್ರಿಗೆ ಮರುಭೂಮಿ ಏನ್ ದೊಡ್ಡದು?

ಬಿಸಿಲಿನ ಮಾತಾದರೆ ನಿಮಗೆ ಅರ್ಧ ಅಭ್ಯಾಸ ಇದೆ, ನಿಜ. ನಮ್ಮಲ್ಲಿ ಮೇ ತಿಂಗಳಲ್ಲಿ 42, 43 ಡಿಗ್ರಿ ಹೊಸದಲ್ಲ. ಆದರೆ ಕುವೈತ್‌ನ ಮಿತ್ರಿಬಾ ಅನ್ನುವ ಜಾಗದಲ್ಲಿ 2016ರ ಜುಲೈನಲ್ಲಿ 53.9 ಡಿಗ್ರಿ ದಾಖಲಾಗಿದೆ. ಅಷ್ಟು ಬಿಸಿಲಲ್ಲಿ ಮಷಿನ್‌ನ ಹಿಡಿಕೆ ಬರಿಗೈಯಲ್ಲಿ ಹಿಡಿದರೆ ಚರ್ಮ ಬೊಬ್ಬೆ ಬರುತ್ತದೆ.

ಇಷ್ಟಾದರೂ ಮಷಿನ್ ತಿನ್ನುವುದು ಬಿಸಿಲಿಗಿಂತ ಜಾಸ್ತಿ ಉಸುಕು. ನಮ್ಮ ಶಹಾಬಾದ್ ಕಲ್ಲಿನ ಧೂಳು ಸುಣ್ಣದ ಕಲ್ಲಿನದು, ಮೆತ್ತಗಿನದು. ಗಟ್ಟಿತನ ಅಳೆಯುವ ಮೋಸ್ ಪಟ್ಟಿಯಲ್ಲಿ ಅದು ಸುಮಾರು 3. ಚಾಕುವಿನ ಉಕ್ಕು ಐದೂವರೆ ಆಸುಪಾಸು. ಮರುಭೂಮಿಯ ಉಸುಕಿನಲ್ಲಿ ತುಂಬಿರುವುದು ಬೆಣಚುಕಲ್ಲಿನ ಕಣ, ಅದು 7. ಅಂದರೆ ನಮ್ಮ ಧೂಳು ಫಿಲ್ಟರ್ ಕಟ್ಟುತ್ತದೆ, ಅಲ್ಲಿನ ಧೂಳು ಲೈನರ್, ಅಂದರೆ ಇಂಜಿನ್ ಒಳಗೆ ಪಿಸ್ಟನ್ ಓಡಾಡುವ ಕೊಳವೆ, ಉಜ್ಜುತ್ತದೆ. ಯಾದಗಿರಿ, ಶಹಾಪುರ ಕಡೆ ಗ್ರಾನೈಟ್ ಕ್ರಷರ್‌ನಲ್ಲಿ ಕೆಲಸ ಮಾಡಿದವರಿಗೆ ಇದು ಬೇಗ ಅರ್ಥ ಆಗುತ್ತದೆ. ಗ್ರಾನೈಟ್‌ನಲ್ಲೂ ಬೆಣಚು ಇದೆ. ಅಲ್ಲಿ ಮಷಿನ್ ಕೀಲುಗಳ ಪಿನ್ನು, ಬುಷ್ಷು ಎಷ್ಟು ಬೇಗ ಸವೆಯುತ್ತವೆ ಅಂತ ಅವರನ್ನೇ ಕೇಳಿ.

ನಾ ಬರೇ ಜೆಸಿಬಿ ಕಲ್ತೀನಿ. ಅಲ್ಲಿ ನಡೀತದ ಏನ್ರಿ?

ನಡೆಯುತ್ತದೆ, ಆದರೆ ಚೈನ್ ಮಷಿನ್ ಕೂಡ ಬಂದರೆ ಕೆಲಸ ಬೇಗ ಸಿಗುತ್ತದೆ. ಅಲ್ಲಿನ ಹೆಸರು ಎರಡು ಕಲಿತುಕೊಳ್ಳಿ. ಮುಂದೆ ದೊಡ್ಡ ಬಕೆಟ್ ಇರುವ ಟೈರ್ ಲೋಡರ್‌ಗೆ ಅರಬರು ‘ಶೇವಲ್’ ಅಂತಾರೆ. ಚೈನ್ ಮಷಿನ್‌ಗೆ ‘ಬೊಕ್ಲೇನ್’. ನಮ್ಮ ಹಳೇ ಆಪರೇಟರ್‌ಗಳು ಪೊಕ್ಲೇನ್ ಅನ್ನುತ್ತಿದ್ದರಲ್ಲ, ಅದೇ ಫ್ರೆಂಚ್ ಕಂಪನಿಯ ಹೆಸರು, ಅಲ್ಲೂ ಹಾಗೇ ಉಳಿದಿದೆ.

ಇನ್ನೊಂದು ಮಾತು. ಹೊಸ ಮಷಿನ್ ಹತ್ತಿದ ಕೂಡಲೇ ಕೆಲಸಕ್ಕೆ ಇಳಿಯಬೇಡಿ. ಖಾಲಿ ಜಾಗದಲ್ಲಿ ಎರಡೂ ಲಿವರ್ ನಿಧಾನವಾಗಿ ಅಲ್ಲಾಡಿಸಿ ನೋಡಿ. ಬೂಮ್ (ದೊಡ್ಡ ತೋಳು) ಯಾವ ಕೈಗೆ, ಆರ್ಮ್ (ಬಕೆಟ್ ಹಿಡಿದ ಮುಂದಿನ ತೋಳು) ಯಾವ ಕೈಗೆ ಅನ್ನುವ ಪ್ಯಾಟರ್ನ್ ಎಲ್ಲ ಮಷಿನ್‌ನಲ್ಲೂ ಒಂದೇ ಇರುವುದಿಲ್ಲ. ಹಿಂದಿನ ಆಪರೇಟರ್ ತನಗೆ ಬೇಕಾದ ಹಾಗೆ ಬದಲಿಸಿಕೊಂಡಿರಬಹುದು. ಪಕ್ಕದಲ್ಲಿ ಹೆಲ್ಪರ್ ನಿಂತಿರುವಾಗ ಇದು ಗೊತ್ತಾಗಬಾರದು.

ನಮ್ಮ ಮನ್ಯಾವ್ರು ಆಪರೇಟರ್ ಕೆಲಸಕ್ಕ ಹೊಂಟಾರ. ಏಜೆಂಟ್ ಒಂದೂವರಿ ಲಕ್ಷ ಕೇಳ್ಲಕತ್ತಾನ, ಕೊಡ್ಬೇಕೇನ್ರಿ ಅಣ್ಣಾ?

ಬೇಡ ತಂಗಿ. ನೋಂದಣಿ ಆದ ಏಜೆಂಟ್ ಕಾನೂನು ಪ್ರಕಾರ ತಗೊಳ್ಳಬಹುದಾದ ಶುಲ್ಕ 30,000 ರೂಪಾಯಿ, ಅದರ ಮೇಲೆ ಜಿಎಸ್‌ಟಿ. ಏಜೆಂಟ್ ನೋಂದಣಿ ಇದೆಯೋ ಇಲ್ಲವೋ ಅಂತ ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ನೋಡಬಹುದು. ಹತ್ತನೇ ತರಗತಿ ಪಾಸಾಗದವರಿಗೆ ಸಾಮಾನ್ಯವಾಗಿ ಇಸಿಆರ್, ಅಂದರೆ ‘ಎಮಿಗ್ರೇಶನ್ ಚೆಕ್ ರಿಕ್ವೈರ್ಡ್’ ಪಾಸ್‌ಪೋರ್ಟ್ ಇರುತ್ತದೆ. ಅಂಥವರು ಗಲ್ಫ್‌ಗೆ ಕೆಲಸಕ್ಕೆ ಹೋಗಲು ಎಮಿಗ್ರೇಶನ್ ಕ್ಲಿಯರೆನ್ಸ್ ಬೇಕೇ ಬೇಕು. ಜೊತೆಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆಯ ವಿಮೆ ಮಾಡಿಸಿರಬೇಕು. ವಿಸಿಟ್ ವೀಸಾದಲ್ಲಿ ಹೋಗಿ ಅಲ್ಲಿ ಬದಲಿಸೋಣ ಅಂದರೆ ಅಲ್ಲೇ ಮಾತು ನಿಲ್ಲಿಸಿ.

ಕಾಂಟ್ರಾಕ್ಟ್‌ನಲ್ಲಿ ಕೆಲಸದ ಹೆಸರು ‘ಆಪರೇಟರ್’ ಅಂತಲೇ ಇದೆಯಾ ನೋಡಿ. ನನ್ನ ಜೊತೆ ಬಂದ ಒಬ್ಬನಿಗೆ ‘ಲೇಬರ್’ ಅಂತ ಬರೆದಿದ್ದರು. ಎರಡು ವರ್ಷ ಮಷಿನ್ ಓಡಿಸಿ ಲೇಬರ್ ಪಗಾರ ತಗೊಂಡ.

## ಧೂಳಿನ ಮಾತು

ಏರ್ ಫಿಲ್ಟರ್ ದಿನಾ ಬಿಚ್ಚಿ ಹೊಡೀಬೇಕಾ? ನಮ್ಮ ಮಾಲಕ್ರು ದಿನಾ ಮಾಡು ಅಂತಾರ.

ಬೇಡ. ಈ ಒಂದು ಪ್ರಶ್ನೆಗೆ ನಾನು ಸ್ವಲ್ಪ ಉದ್ದ ಉತ್ತರ ಕೊಡುತ್ತೇನೆ, ಯಾಕೆಂದರೆ ನಾನೇ ಒಂದು ಇಂಜಿನ್ ಹೀಗೆ ಕೊಂದಿದ್ದೇನೆ.

ಹೋದ ಹೊಸದರಲ್ಲಿ ದಿನಾ ಸಂಜೆ ಫಿಲ್ಟರ್ ಬಿಚ್ಚುತ್ತಿದ್ದೆ. ಚೈನ್ ಪ್ಲೇಟ್‌ಗೆ ಟಪ ಟಪ ಬಡಿದು, ಕಂಪ್ರೆಸರ್ ಗಾಳಿ ಹೊಡೆದು ವಾಪಸ್ ಹಾಕುತ್ತಿದ್ದೆ. ನೋಡಿದವರು ಶಾಭಾಶ್ ಅಂದರು. ನಾಲ್ಕೈದು ತಿಂಗಳಲ್ಲಿ ಇಂಜಿನ್ ನೀಲಿ ಹೊಗೆ ಬಿಡಲು ಶುರು ಮಾಡಿತು, ಆಯಿಲ್ ಕುಡಿಯಿತು. ಬಿಚ್ಚಿ ನೋಡಿದರೆ ಪಿಸ್ಟನ್ ರಿಂಗ್, ಲೈನರ್ ಎರಡೂ ಸವೆದಿದ್ದವು. ನಮ್ಮ ಫೋರ್‌ಮನ್ ಕೇರಳದವನು. ಅವನು ಏನೂ ಬೈಯಲಿಲ್ಲ. ಆ ಫಿಲ್ಟರ್ ಒಳಗೆ ಒಂದು ಬಲ್ಬ್ ಇಳಿಸಿ, ಕಂಟೇನರ್ ಒಳಗಿನ ಕತ್ತಲಲ್ಲಿ ತೋರಿಸಿದ. ಕಾಗದದ ಮಡಿಕೆಯ ಬುಡದಲ್ಲಿ ಸೂಜಿ ಮೊನೆಯಷ್ಟು ಮೂರು ಬೆಳಕಿನ ಚುಕ್ಕಿ. ಅಷ್ಟೇ ಸಾಕಾಗಿತ್ತು.

ಫಿಲ್ಟರ್ ಸ್ವಲ್ಪ ಧೂಳು ಹಿಡಿದಾಗ ಹೊಸದಕ್ಕಿಂತ ಚೆನ್ನಾಗಿ ಸೋಸುತ್ತದೆ. ಮೇಲೆ ಕೂತ ಧೂಳಿನ ಪದರವೇ ಇನ್ನೊಂದು ಜರಡಿ ಆಗುತ್ತದೆ. ಪ್ರತಿ ಸಲ ನೀವು ಬಿಚ್ಚಿದಾಗ ಆ ಪದರ ಹಾಳಾಗುತ್ತದೆ, ಸ್ವಲ್ಪ ಧೂಳು ಶುದ್ಧ ಗಾಳಿಯ ಕಡೆಗೂ ಉದುರುತ್ತದೆ. ಅದಕ್ಕೇ ಫಿಲ್ಟರ್ ಹತ್ತಿರ ಇಂಡಿಕೇಟರ್ ಕೊಟ್ಟಿರುತ್ತಾರೆ. ಅದು ಕೆಂಪು ತೋರಿಸಿದಾಗ, ಅಥವಾ ಕ್ಯಾಬಿನ್‌ನಲ್ಲಿ ಲೈಟ್ ಬಂದಾಗ ಬಿಚ್ಚಿ. ಇಂಡಿಕೇಟರ್ ಕೆಟ್ಟಿದ್ದರೆ ಮೊದಲು ಅದನ್ನೇ ಬದಲಿಸಿ.

ದಿನಾ ಮಾಡಲೇಬೇಕಾದ ಕೆಲಸ ಬೇರೆ ಇದೆ. ಫಿಲ್ಟರ್ ಡಬ್ಬಿಯ ಕೆಳಗೆ ಬಾತುಕೋಳಿ ಕೊಕ್ಕಿನ ಹಾಗೆ ಒಂದು ರಬ್ಬರ್ ವಾಲ್ವ್ ಇರುತ್ತದೆ. ಎರಡು ಬೆರಳಲ್ಲಿ ಹಿಸುಕಿ. ಒಂದು ಹಿಡಿ ಉಸುಕು ಸರ್ ಅಂತ ಕೈಮೇಲೆ ಬೀಳುತ್ತದೆ. ಅದು ಬಿದ್ದಷ್ಟೂ ಫಿಲ್ಟರ್‌ಗೆ ಹೊರೆ ಕಡಿಮೆ. ನಮ್ಮ ಕಡೆ ಬರುವ ಮಷಿನ್‌ಗಳಲ್ಲಿ ಈ ರಬ್ಬರ್ ಹರಿದು ಹೋಗಿರುತ್ತದೆ, ಇಲ್ಲ ಬಟ್ಟೆ ಕಟ್ಟಿರುತ್ತಾರೆ. ಇಂಜಿನ್‌ಗೆ ಹೋಲಿಸಿದರೆ ಆ ರಬ್ಬರ್‌ನ ಬೆಲೆ ಏನೂ ಅಲ್ಲ.

ಗಾಳಿ ಹೊಡೆಯೋದಾದ್ರ ಹ್ಯಾಂಗ ಹೊಡೀಬೇಕು?

ಒಳಗಿನಿಂದ ಹೊರಗೆ. ಒತ್ತಡ 30 ಪಿಎಸ್‌ಐ ಮೀರಬಾರದು. ಟೈರಿಗೆ ಹೊಡೆಯುವ ಗಾಳಿ ನೇರವಾಗಿ ಹಿಡಿದರೆ ಕಾಗದ ಹರಿಯುತ್ತದೆ. ನಳಿಕೆ ಕಾಗದಕ್ಕೆ ತಾಗಿಸಬೇಡಿ, ಮಡಿಕೆಯ ಉದ್ದಕ್ಕೆ ಮೇಲೆ ಕೆಳಗೆ ಆಡಿಸಿ. ಆಮೇಲೆ ಬಲ್ಬ್ ಇಳಿಸಿ ನೋಡಿ. ಒಳಗಿರುವ ಚಿಕ್ಕ ಫಿಲ್ಟರ್, ಅಂದರೆ ಸೇಫ್ಟಿ ಫಿಲ್ಟರ್, ಯಾವತ್ತೂ ತೊಳೆಯುವುದಿಲ್ಲ, ಗಾಳಿ ಹೊಡೆಯುವುದಿಲ್ಲ. ಬದಲಿಸುವುದಷ್ಟೇ. ಡಬ್ಬಿಯ ಒಳಗೋಡೆ ಒದ್ದೆ ಬಟ್ಟೆಯಿಂದ ಒರೆಸುವಾಗ ಆ ಸೇಫ್ಟಿ ಫಿಲ್ಟರ್ ಜಾಗದಲ್ಲೇ ಇರಲಿ.

ಉಸುಕಿನ ಬಿರುಗಾಳಿ ಬಂದಾಗ ಮಷಿನ್ ಬಂದ್ ಮಾಡ್ಬೇಕಾ, ಚಾಲೂ ಇಡ್ಬೇಕಾ?

ಬೇಸಿಗೆಯಲ್ಲಿ ವಾಯವ್ಯದಿಂದ ಬೀಸುವ ಗಾಳಿಗೆ ಅಲ್ಲಿ ‘ಶಮಾಲ್’ ಅಂತಾರೆ. ದೂರದಲ್ಲಿ ಕಂದು ಗೋಡೆ ಎದ್ದು ಬಂದ ಹಾಗೆ ಕಾಣುತ್ತದೆ. ಕೆಲವೇ ನಿಮಿಷದಲ್ಲಿ ನಿಮ್ಮ ಬಕೆಟ್ ನಿಮಗೇ ಕಾಣುವುದಿಲ್ಲ.

ಕೆಲಸ ನಿಲ್ಲಿಸಿ. ಗುಂಡಿಯ ಅಂಚಿನಿಂದ ಹಿಂದೆ ಬನ್ನಿ, ಬಕೆಟ್ ನೆಲಕ್ಕೆ ಊರಿ. ಗಾಳಿ ಒಳಗೆ ಎಳೆಯುವ ಜಾಲರಿ ಗಾಳಿಗೆ ಎದುರು ಇರದ ಹಾಗೆ ಮಷಿನ್ ತಿರುಗಿಸಿ. ಮೂರರಿಂದ ಐದು ನಿಮಿಷ ಸುಮ್ನೆ ಐಡಲ್‌ನಲ್ಲಿ (ಲೋಡ್ ಇಲ್ಲದೆ ನಿಧಾನಕ್ಕೆ) ಬಿಟ್ಟು ಟರ್ಬೊ, ಅಂದರೆ ಇಂಜಿನ್‌ಗೆ ಗಾಳಿ ಒತ್ತುವ ಚಕ್ರ, ತಣ್ಣಗಾದ ಮೇಲೆ ಆಫ್ ಮಾಡಿ. ಹೊಗೆ ಕೊಳವೆಗೆ ಮುಚ್ಚಳ ಇಲ್ಲದಿದ್ದರೆ ತಣ್ಣಗಾದ ಮೇಲೆ ಒಂದು ಡಬ್ಬಿ ಬೋರಲು ಹಾಕಿ. ಸ್ಟಾರ್ಟ್ ಮಾಡುವ ಮುಂಚೆ ಅದನ್ನು ತೆಗೆಯಲು ಮರೆಯಬೇಡಿ, ನಾವೆಲ್ಲ ಒಮ್ಮೆ ಮರೆತವರೇ. ಗಾಳಿ ಇಳಿದ ಮೇಲೆ ರೇಡಿಯೇಟರ್ ಜಾಲರಿ, ರಬ್ಬರ್ ವಾಲ್ವ್, ಫಿಲ್ಟರ್ ಇಂಡಿಕೇಟರ್ ನೋಡಿಯೇ ಚಾಲೂ ಮಾಡಿ. ಗಾಳಿ ಇರುವಾಗ ಮಾತ್ರ ಯಾವ ಮುಚ್ಚಳವನ್ನೂ ತೆಗೆಯಬೇಡಿ.

ಗ್ರೀಸ್ ಹೊಡೆದ್ರ ಉಸುಕು ಅಂಟ್ಕೋತದ, ಹೊಡೀಬಾರ್ದು ಅಂತಾರ. ಖರೇ ಏನು?

ಅರ್ಧ ಖರೆ. ಚೈನ್‌ನ ಹೊರಮೈ, ಚೈನ್ ತಿರುಗಿಸುವ ಸ್ಪ್ರಾಕೆಟ್ ಚಕ್ರದ ಹಲ್ಲು, ಇವುಗಳಿಗೆ ಗ್ರೀಸ್ ಬಳಿದರೆ ಅಂಟಿದ ಉಸುಕು ಪಾಲಿಶ್ ಪೇಪರ್ ಹಾಗೆ ಉಜ್ಜುತ್ತದೆ. ಅಲ್ಲಿ ಬೇಡ. ಬೂಮ್, ಆರ್ಮ್, ಬಕೆಟ್ ಪಿನ್‌ಗಳಿಗೆ ಇಲ್ಲಿಗಿಂತ ಜಾಸ್ತಿ ಸಲ ಬೇಕು. ಹೊಸ ಗ್ರೀಸ್ ಹಳೆಯದನ್ನೂ ಅದರೊಳಗಿನ ಉಸುಕನ್ನೂ ಹೊರಗೆ ತಳ್ಳುತ್ತದೆ. ಪಿನ್ ಅಂಚಲ್ಲಿ ಶುದ್ಧ ಗ್ರೀಸ್ ಕಾಣುವ ತನಕ ಹೊಡೆಯಿರಿ. ಹೊರಗೆ ಬಂದ ಉಂಗುರದಂಥ ಗ್ರೀಸ್ ಪೂರ್ತಿ ಕೆರೆಯಬೇಡಿ, ಅದೇ ಒಂದು ಸೀಲ್.

ಹೊಡೆಯುವ ಮುಂಚೆ ನಿಪ್ಪಲ್, ಅಂದರೆ ಗ್ರೀಸ್ ಗನ್ ಹಚ್ಚುವ ಬಾಯಿ, ಒರೆಸಿ. ಎಲ್ಲರಿಗೂ ಗೊತ್ತು, ಯಾರೂ ಮಾಡುವುದಿಲ್ಲ. ನಿಪ್ಪಲ್ ತಲೆಯ ಮೇಲೆ ಕೂತ ಉಸುಕನ್ನು ಗನ್ ಹಚ್ಚಿ ನೀವೇ ಪಿನ್ ಒಳಗೆ ಒತ್ತುತ್ತೀರಿ. ಕೆಲಸ ಮುಗಿದ ಕೂಡಲೇ, ಪಿನ್ ಬೆಚ್ಚಗಿರುವಾಗ ಹೊಡೆದರೆ ಸಲೀಸಾಗಿ ಇಳಿಯುತ್ತದೆ.

ಡೀಸೆಲ್ ಸಂಜಿಗೆ ಹಾಕೋದು ಛಲೋನೋ, ಮುಂಜಾನೆ ಛಲೋನೋ?

ಸಂಜೆ. ಖಾಲಿ ಟ್ಯಾಂಕ್‌ನಲ್ಲಿ ರಾತ್ರಿ ತಂಪಿಗೆ ಒಳಗಿನ ಗಾಳಿಯ ತೇವ ನೀರಾಗುತ್ತದೆ. ಸಮುದ್ರದ ದಡದ ಸೈಟ್‌ಗಳಲ್ಲಿ ಇದು ಬಹಳ. ಮುಂಜಾನೆ ಸ್ಟಾರ್ಟ್ ಮಾಡುವ ಮುಂಚೆ ವಾಟರ್ ಸಪರೇಟರ್‌ನ ಕೆಳಗಿನ ತಿರುಪು ಬಿಚ್ಚಿ ನೀರು ಇಳಿಸಿ.

ಬ್ಯಾರಲ್‌ನಿಂದ ಹಾಕುವುದಾದರೆ ಬ್ಯಾರಲ್ ಒಂದು ದಿನ ಅಲ್ಲಾಡದೆ ನಿಂತಿರಲಿ, ಪಂಪಿನ ಪೈಪ್ ತಳ ಮುಟ್ಟಬಾರದು. ಟ್ಯಾಂಕ್ ಬಾಯಿಯ ಜಾಲರಿ ಬಟ್ಟಲು ತೆಗೆದು ಹಾಕುವ ಚಾಳಿ ಇಲ್ಲೂ ಇದೆ, ಅಲ್ಲೂ ಇದೆ. ಡೀಸೆಲ್ ಬೇಗ ಇಳಿಯುತ್ತದೆ ಅಂತ. ಆಮೇಲೆ ಇಂಜೆಕ್ಟರ್ ಬೆಲೆ ಕೇಳಿದಾಗ ಅವಸರ ಎಷ್ಟಕ್ಕೆ ಬಿತ್ತು ಅಂತ ಗೊತ್ತಾಗುತ್ತದೆ.

## ಬಿಸಿಯ ಮಾತು

ಮಧ್ಯಾಹ್ನ ಟೆಂಪರೇಚರ್ ಮುಳ್ಳು ಕೆಂಪಿಗೆ ಹೋಗ್ತದ. ತಕ್ಷಣ ಆಫ್ ಮಾಡ್ಲ್ಯಾ?

ಮಾಡಬೇಡಿ. ಲೋಡ್ ಬಿಡಿ, ಬಕೆಟ್ ಇಳಿಸಿ, ಇಂಜಿನ್ ಐಡಲ್‌ಗಿಂತ ಸ್ವಲ್ಪ ಮೇಲೆ ಇಟ್ಟು ಬಿಡಿ. ಫ್ಯಾನೂ ತಿರುಗುತ್ತದೆ, ನೀರೂ ತಿರುಗುತ್ತದೆ. ಮುಳ್ಳು ಇಳಿಯುತ್ತದೆ. ಒಮ್ಮೆಲೇ ಆಫ್ ಮಾಡಿದರೆ ನೀರು ನಿಂತು ಇಂಜಿನ್‌ನ ಹೆಡ್ (ಮೇಲ್ಭಾಗ) ಸುತ್ತ ಕುದಿಯುತ್ತದೆ. ಆದರೆ ಹೋಸ್ ಒಡೆದು ಕೂಲೆಂಟ್ ಸುರಿಯುತ್ತಿದ್ದರೆ, ಫ್ಯಾನ್ ಬೆಲ್ಟ್ ಹರಿದಿದ್ದರೆ, ಆಯಿಲ್ ಲೈಟ್ ಬಂದರೆ ಕೂಡಲೇ ಆಫ್.

ರೇಡಿಯೇಟರ್ ಮುಚ್ಚಳ ಬಿಸಿಯಲ್ಲಿ ತೆಗೆಯಬೇಡಿ. ಬಿಸಿ ಇಂಜಿನ್ ಮೇಲೆ ತಣ್ಣೀರು ಎರಚಬೇಡಿ. ಜೇವರ್ಗಿ ಕಡೆ ಕಾಲುವೆ ಕೆಲಸದಲ್ಲಿ ಒಬ್ಬ ಹೆಲ್ಪರ್ ಪಾಪ ಒಳ್ಳೆಯದಾಗಲಿ ಅಂತ ಎರಡು ಕೊಡ ಸುರಿದ. ಹೆಡ್ ಬಿರುಕು ಬಿಟ್ಟಿತು.

ಇಲ್ಲೇನ್ ಹಿಮ ಬೀಳ್ತದ ಏನ್ರಿ, ಕೂಲೆಂಟ್ ಯಾಕ? ಬೋರ್ ನೀರು ಸಾಲಂಗಿಲ್ಲಾ?

ಕೂಲೆಂಟ್ ಚಳಿಗೆ ಮಾತ್ರ ಅಂತ ತಿಳಿದವರು ಬಹಳ. ಬರೀ ನೀರು 100 ಡಿಗ್ರಿಗೆ ಕುದಿಯುತ್ತದೆ. ಅರ್ಧ ಕೂಲೆಂಟ್, ಅರ್ಧ ನೀರು ಇದ್ದರೆ ಸುಮಾರು 107. ಮೇಲೆ ಪ್ರೆಶರ್ ಮುಚ್ಚಳ ಸರಿ ಇದ್ದರೆ 120 ದಾಟುತ್ತದೆ. ಹೊರಗೆ 50 ಡಿಗ್ರಿ ಇರುವಾಗ ಆ ಅಂತರವೇ ಮಷಿನ್ ಉಳಿಸುತ್ತದೆ. ಮುಚ್ಚಳದ ರಬ್ಬರ್ ಹೋಗಿದ್ದರೆ ಎಷ್ಟು ಒಳ್ಳೆಯ ಕೂಲೆಂಟ್ ಹಾಕಿದರೂ ಅರ್ಧ ಲಾಭ ಹೋಯಿತು.

ಇನ್ನು ನಮ್ಮ ಬೋರ್ ನೀರು. ಸುಣ್ಣದ ಕಲ್ಲಿನ ನೆಲದಿಂದ ಬಂದದ್ದು. ಮನೆಯಲ್ಲಿ ಚಹಾ ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟಿರುವುದು ನೋಡಿದ್ದೀರಲ್ಲ? ಅದೇ ಪೊರೆ ಇಂಜಿನ್ ಬ್ಲಾಕ್ ಒಳಗೆ, ರೇಡಿಯೇಟರ್ ಕೊಳವೆಯಲ್ಲಿ ಕಟ್ಟುತ್ತದೆ. ಬಿಸಿ ಹೊರಗೆ ಹೋಗಲು ದಾರಿ ಇಲ್ಲ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಬಳಸಿ. ಕೂಲೆಂಟ್‌ನಲ್ಲಿರುವ ಮದ್ದು ಲೈನರ್ ಹೊರಮೈಗೆ ಸಣ್ಣ ತೂತು ಬೀಳದ ಹಾಗೆ ಕಾಯುತ್ತದೆ. ಆ ತೂತು ಬಿದ್ದರೆ ನೀರು ಆಯಿಲ್‌ಗೆ ಸೇರುತ್ತದೆ, ಆಯಿಲ್ ಹಾಲು ಹಾಕಿದ ಚಹಾ ಬಣ್ಣಕ್ಕೆ ತಿರುಗುತ್ತದೆ.

ಮುಂಜಾನೆ ಮಷಿನ್ ಜೋರ್ ಇರ್ತದ, ಮಧ್ಯಾಹ್ನ ಬೂಮ್ ಸುಸ್ತಾಗ್ತದ. ಪಂಪ್ ಹೋಗ್ಯದಾ?

ಪಂಪ್‌ಗೆ ಕೈ ಹಾಕುವ ಮುಂಚೆ ಮೂರು ವಿಷಯ ನೋಡಿ. ಹೈಡ್ರಾಲಿಕ್ ಆಯಿಲ್ ಕಾದು ತೆಳ್ಳಗಾದರೆ ಪಂಪ್, ವಾಲ್ವ್ ಒಳಗಿನ ಸಂದುಗಳಲ್ಲೇ ಸೋರಿ ಹೋಗುತ್ತದೆ, ಹೊರಗೆ ಒಂದು ಹನಿಯೂ ಕಾಣುವುದಿಲ್ಲ. ಆಯಿಲ್ 82 ಡಿಗ್ರಿ ದಾಟಿದರೆ ಸೀಲ್‌ಗಳು ಗಟ್ಟಿಯಾಗಿ ಹಾಳಾಗಲು ಶುರು.

ಮೊದಲನೆಯದು ಕೂಲರ್. ರೇಡಿಯೇಟರ್ ಮತ್ತು ಆಯಿಲ್ ಕೂಲರ್ ಒಂದರ ಹಿಂದೆ ಒಂದು ಇರುವ ಮಷಿನ್‌ಗಳಲ್ಲಿ ನಡುವಿನ ಸಂದಿಯಲ್ಲಿ ಉಸುಕು, ಕಸ ಕಂಬಳಿ ಹಾಗೆ ಕೂತಿರುತ್ತದೆ. ಹೊರಗಿನಿಂದ ನೋಡಿದರೆ ಎರಡೂ ಶುದ್ಧ. ಟಾರ್ಚ್ ಹಿಡಿದು ಸಂದಿಯಲ್ಲಿ ನೋಡಿ. ಗಾಳಿ ಬರುವ ದಿಕ್ಕಿಗೆ ಉಲ್ಟಾ ಕಡೆಯಿಂದ, ರೆಕ್ಕೆಗಳು ಮಡಚದ ಹಾಗೆ ನೇರವಾಗಿ ಗಾಳಿ ಹೊಡೆಯಿರಿ. ನಮ್ಮಲ್ಲಿ ತೊಗರಿ ರಾಶಿಯ ದಿನಗಳಲ್ಲಿ ಹೊಲದ ಪಕ್ಕ ಕೆಲಸ ಮಾಡಿದ ಮಷಿನ್‌ಗಳಿಗೂ ಇದೇ ರೋಗ, ಹೊಟ್ಟು ತುಂಬಿರುತ್ತದೆ.

ಎರಡನೆಯದು ಆಯಿಲ್‌ನ ದಪ್ಪ. ಇಲ್ಲಿ ಹೆಚ್ಚಿನವರು 46 ನಂಬರ್ ಹಾಕುತ್ತಾರೆ. ಬಹಳ ಬಿಸಿಯ ಸೈಟ್‌ಗೆ 68 ಹಾಕಲು ಅನೇಕ ಕಂಪನಿಗಳ ಪುಸ್ತಕವೇ ಹೇಳುತ್ತದೆ. ನಿಮ್ಮ ಮಷಿನ್ ಪುಸ್ತಕದ ಪಟ್ಟಿ ನೋಡಿ, ಪಕ್ಕದವನ ಮಾತು ಕೇಳಿ ಬೆರೆಸಬೇಡಿ. ಮೂರನೆಯದು ಆಯಿಲ್ ಲೆವೆಲ್. ಕಡಿಮೆ ಆಯಿಲ್ ಅದೇ ಬಿಸಿ ಹೊತ್ತು ಬೇಗ ಕಾಯುತ್ತದೆ.

ಈ ಮೂರೂ ಸರಿ ಇದ್ದು ಆಮೇಲೂ ಸುಸ್ತಾದರೆ, ಆಗ ಪಂಪ್ ಚೆಕ್ ಮಾಡಿಸಿ.

ಬ್ಯಾಟ್ರಿ ವರ್ಷ ತುಂಬೂದ್ರಾಗ ಹೋಗ್ತದ, ಯಾಕ?

ಬಿಸಿ. ಬ್ಯಾಟರಿ ಚಳಿಗಿಂತ ಬಿಸಿಗೆ ಬೇಗ ಸಾಯುತ್ತದೆ. ನೀರು ಇಂಗುತ್ತದೆ, ಪ್ಲೇಟ್ ಬಯಲಾಗುತ್ತದೆ. ವಾರಕ್ಕೊಮ್ಮೆ ನೋಡಿ, ಡಿಸ್ಟಿಲ್ಡ್ ವಾಟರ್ ಹಾಕಿ, ಗಟ್ಟಿಯಾಗಿ ಬಿಗಿದಿಡಿ.

ಎಸಿ ಹಾಕಿದ್ರ ಡೀಸೆಲ್ ಜಾಸ್ತಿ ಹೋಗ್ತದಂತ ಮಾಲಕ್ರು ಬಿಡಂಗಿಲ್ಲ. ಏನ್ ಹೇಳ್ಬೇಕು?

ಎಸಿ ಸುಖಕ್ಕೆ ಅಲ್ಲ ಅಂತ ಹೇಳಿ. ಬಾಗಿಲು ಮುಚ್ಚಿ ಬ್ಲೋವರ್ ಚಾಲೂ ಇದ್ದರೆ ಕ್ಯಾಬಿನ್ ಒಳಗೆ ಗಾಳಿಯ ಒತ್ತಡ ಹೊರಗಿನದಕ್ಕಿಂತ ಸ್ವಲ್ಪ ಜಾಸ್ತಿ. ಸಂದಿನಿಂದ ಧೂಳು ಒಳಗೆ ಬರುವುದಿಲ್ಲ, ಹೊರಗೇ ಹೋಗುತ್ತದೆ. ಬೆಣಚಿನ ಸಣ್ಣ ಧೂಳು ವರ್ಷಗಟ್ಟಲೆ ಉಸಿರಲ್ಲಿ ಹೋದರೆ ಸಿಲಿಕೋಸಿಸ್ ಬರುತ್ತದೆ. ಪುಪ್ಪುಸ ಗಟ್ಟಿಯಾಗುವ ರೋಗ, ವಾಪಸ್ ಸರಿಹೋಗುವುದಿಲ್ಲ. ಯಾದಗಿರಿಯ ಗ್ರಾನೈಟ್ ಕೆಲಸಕ್ಕೂ ಇದೇ ಮಾತು. ಕ್ಯಾಬಿನ್ ಫಿಲ್ಟರ್ ಸೀಟಿನ ಹಿಂದೆ ಅಥವಾ ಪಕ್ಕದಲ್ಲಿ ಇರುತ್ತದೆ. ಎಷ್ಟೋ ಆಪರೇಟರ್‌ಗಳಿಗೆ ಅದು ಇದೆ ಅಂತಲೇ ಗೊತ್ತಿರುವುದಿಲ್ಲ.

ಬಾಗಿಲು ತೆರೆದು, ಟವೆಲ್ ಕಟ್ಟಿಕೊಂಡು ಓಡಿಸುವುದು ನೋಡಲು ಗಟ್ಟಿಗನ ಹಾಗೆ ಕಾಣುತ್ತದೆ. ಟವೆಲ್ ಆ ಸಣ್ಣ ಧೂಳನ್ನು ತಡೆಯುವುದಿಲ್ಲ.

ಕೂತು ಓಡಿಸೋ ಕೆಲಸಕ್ಕ ಬಿಸಿಲು ಹ್ಯಾಂಗ ಬಡೀತದ?

ಗ್ರೀಸ್ ಹೊಡೆಯಲು, ಚೈನ್ ನೋಡಲು, ಡೀಸೆಲ್ ಹಾಕಲು ಇಳಿಯುತ್ತೀರಲ್ಲ, ಆಗ. ಎಸಿ ಕೆಟ್ಟ ದಿನ ಕ್ಯಾಬಿನ್ ಗಾಜಿನ ಪೆಟ್ಟಿಗೆಯೇ. 15, 20 ನಿಮಿಷಕ್ಕೆ ಒಂದು ಲೋಟ ನೀರು, ಬಾಯಾರುವ ತನಕ ಕಾಯಬೇಡಿ. ಬೆವರು ಸುರಿದ ದಿನ ಓಆರ್‌ಎಸ್ ಅಥವಾ ಉಪ್ಪು ಹಾಕಿದ ಮಜ್ಜಿಗೆ. ಅಲ್ಲಿ ಅದಕ್ಕೆ ‘ಲಬನ್’ ಅಂತಾರೆ, ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಮೂತ್ರ ಗಾಢ ಹಳದಿ ಆದರೆ ನೀರು ಕಡಿಮೆ ಆಗಿದೆ ಅಂತ ಅರ್ಥ.

ಮಧ್ಯಾಹ್ನ ಬಿಸಿಲಲ್ಲಿ ಹೊರಗೆ ಕೆಲಸ ಮಾಡಿಸುವಂತಿಲ್ಲ ಅಂತ ಅಲ್ಲಿ ನಿಯಮವೇ ಇದೆ. ಸೌದಿಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರ ತನಕ 12ರಿಂದ 3. ಯುಎಇಯಲ್ಲಿ ಅದೇ ದಿನಗಳಲ್ಲಿ 12.30ರಿಂದ 3. ಕತಾರ್‌ನಲ್ಲಿ ಜೂನ್ 1ರಿಂದ ಸೆಪ್ಟೆಂಬರ್ 15ರ ತನಕ 10ರಿಂದ 3.30. ನಮ್ಮ ಖಣಿಗಳಲ್ಲಿ ಹುಡುಗರು ತಾವೇ ಮುಂಜಾನೆ ಆರಕ್ಕೆ ಶುರು ಮಾಡಿ ಹನ್ನೊಂದಕ್ಕೆ ನಿಲ್ಲಿಸುತ್ತಾರೆ, ಅದು ಜಾಣತನ.

ಯಾರಾದರೂ ತೊದಲಿದರೆ, ಹೇಳಿದ್ದು ತಿಳಿಯದ ಹಾಗೆ ನೋಡಿದರೆ, ಮೈ ಸುಡುತ್ತಿದ್ದರೆ ಅದು ಸುಸ್ತಲ್ಲ. ನೆರಳಿಗೆ ಎಳೆದು, ಬಟ್ಟೆ ಸಡಿಲಿಸಿ, ಮೈಮೇಲೆ ನೀರು ಸುರಿದು ಗಾಳಿ ಬೀಸುತ್ತ ಆಸ್ಪತ್ರೆಗೆ ಓಡಿ. ಎಚ್ಚರ ಇಲ್ಲದವನ ಬಾಯಿಗೆ ನೀರು ಹಾಕಬೇಡಿ.

## ನೆಲ, ಚೈನ್, ಟೈರ್

ಚೈನ್ ಎಷ್ಟು ಬಿಗಿ ಇರ್ಬೇಕು? ಸಡಿಲ ಇದ್ರ ಕಳಚ್ತದ, ಬಿಗಿ ಇದ್ರ ಹರೀತದ ಅಂತಾರ.

ಎರಡೂ ನಿಜ. ಉಸುಕಿನಲ್ಲಿ ಮಾತ್ರ ಬಿಗಿ ಇದ್ದರೆ ಜಾಸ್ತಿ ನಷ್ಟ. ಸ್ಪ್ರಾಕೆಟ್ ಹಲ್ಲಿನ ಸಂದಿಯಲ್ಲಿ ಉಸುಕು ತುಂಬಿ ಚೈನ್ ತಾನಾಗೇ ಇನ್ನೂ ಬಿಗಿಯುತ್ತದೆ. ಅದಕ್ಕೆ ಮಷಿನ್ ಕೆಲಸ ಮಾಡುವ ನೆಲದಲ್ಲೇ, ಉಸುಕು ಕೂತಿರುವಾಗಲೇ ಅಳೆಯಬೇಕು. ತೊಳೆದು ಅಳೆದರೆ ಲೆಕ್ಕ ತಪ್ಪುತ್ತದೆ.

ಬೂಮ್ ಪಕ್ಕಕ್ಕೆ ತಿರುಗಿಸಿ, ಬಕೆಟ್ ಒತ್ತಿ ಒಂದು ಕಡೆಯ ಚೈನ್ ಎತ್ತಿ. ಹಿಂದೆ ಮುಂದೆ ಎರಡು ಸುತ್ತು ತಿರುಗಿಸಿ ನಿಲ್ಲಿಸಿ. ಫ್ರೇಮ್‌ನ ಕೆಳಗಿನಿಂದ ಜೋತ ಚೈನ್‌ನ ನಡುವಿನ ತನಕ ಅಳೆಯಿರಿ. 20 ಟನ್ನಿನ ಮಷಿನ್‌ನಲ್ಲಿ ಇದು 30 ಸೆಂಟಿಮೀಟರ್ ಆಸುಪಾಸು ಇರುತ್ತದೆ, ನಿಖರ ಅಳತೆ ನಿಮ್ಮ ಪುಸ್ತಕದಲ್ಲಿದೆ. ಸಡಿಲಿಸುವಾಗ ಗ್ರೀಸ್ ವಾಲ್ವ್ ಒಂದು ಸುತ್ತಿಗಿಂತ ಜಾಸ್ತಿ ತಿರುಗಿಸಬೇಡಿ, ಎದುರಿಗೆ ಮುಖ ಇಡಬೇಡಿ. ಒಳಗಿನ ಒತ್ತಡಕ್ಕೆ ಆ ವಾಲ್ವ್ ಗುಂಡಿನ ಹಾಗೆ ಹಾರುತ್ತದೆ.

ನಿಂತಲ್ಲೇ ಗಿರ್ರನೆ ತಿರುಗಿಸುವುದು, ಉದ್ದಕ್ಕೂ ಫಾಸ್ಟ್ ಗೇರ್‌ನಲ್ಲಿ ನಡೆಸುವುದು, ಬೇಕಿಲ್ಲದೆ ರಿವರ್ಸ್ ಹೋಗುವುದು, ಈ ಮೂರನ್ನು ಬಿಟ್ಟರೆ ಚೈನ್ ಬಹಳ ದಿನ ಬಾಳುತ್ತದೆ.

‘ಸಬ್ಖಾ’ದಾಗ ಮಷಿನ್ ಮುಳುಗ್ತದಂತ ಕೇಳೀನಿ. ಅದೇನದು?

ಸಮುದ್ರದ ದಡದ ಹತ್ತಿರ ಉಪ್ಪಿನ ಬಯಲು. ನೀರು ನೆಲಕ್ಕೆ ಬಹಳ ಹತ್ತಿರ. ಮೇಲೆ ಉಪ್ಪು ಒಣಗಿ ಬಿಳಿ ಹಪ್ಪಳದಂತೆ ಕಟ್ಟಿರುತ್ತದೆ, ಕೆಳಗೆ ರಾಡಿ. ನಮ್ಮ ಎರಿ (ಕಪ್ಪು ಮಣ್ಣಿನ) ಹೊಲ ಮೃಗಶಿರ ಮಳೆ ಆದ ಎರಡು ದಿನಕ್ಕೆ ಹೇಗಿರುತ್ತದೆ? ಮೇಲೆ ಒಣಗಿದ ಹಾಗೆ, ಕಾಲಿಟ್ಟರೆ ಮೊಣಕಾಲು. ಹಾಗೇ. ಫರಕು ಅಂದರೆ ಎರಿ ಬೇಸಿಗೆಯಲ್ಲಿ ಒಣಗುತ್ತದೆ, ಸಬ್ಖಾ ಬೇಸಿಗೆಯಲ್ಲೂ ಮೋಸ ಮಾಡುತ್ತದೆ.

ನಾನೊಮ್ಮೆ ಟಿಪ್ಪರ್ ಗುರುತಿನ ಮೇಲೇ ಹೋದೆ. ಟಿಪ್ಪರ್ ಹೋಗಿದ್ದು ವಾರದ ಹಿಂದೆ. ಬಲ ಚೈನ್ ಕಚ್ ಅಂತ ಹಪ್ಪಳ ಮುರಿದ ಸದ್ದು ಕೇಳಿತು, ಮಷಿನ್ ವಾಲಿತು. ಹೆದರಿ ಎರಡೂ ಪೆಡಲ್ ಒತ್ತಿದೆ. ಚೈನ್ ತಿರುಗಿದಷ್ಟೂ ತನ್ನ ಗುಂಡಿ ತಾನೇ ತೋಡಿಕೊಂಡಿತು, ಕ್ಯಾಬಿನ್ ಮೆಟ್ಟಿಲ ತನಕ ರಾಡಿ. ಮೊದಲ ಕಚ್ ಕೇಳಿದ ಕೂಡಲೇ ನಿಲ್ಲಿಸಿದ್ದರೆ ಅರ್ಧ ತಾಸಿನ ಕೆಲಸ. ಎರಡು ದಿನ ಹಿಡಿಯಿತು.

ಸಿಕ್ಕಿಕೊಂಡರೆ ಚೈನ್ ತಿರುಗಿಸಬೇಡಿ. ಬಕೆಟ್ ಒತ್ತಿ ಒಂದು ಕಡೆ ಎತ್ತಿ, ಚೈನ್ ಕೆಳಗೆ ದಪ್ಪ ಮರದ ಹಲಗೆ ತಳ್ಳಿ, ಆಮೇಲೆ ಇನ್ನೊಂದು ಕಡೆ. ಎದುರಿನ ಮಣ್ಣು ಕೆರೆದು ಇಳಿಜಾರು ಮಾಡಿ, ಬಂದ ದಾರಿಯಲ್ಲೇ ವಾಪಸ್. ಬೇರೆ ಮಷಿನ್‌ನಿಂದ ಎಳೆಯುವುದಾದರೆ ಹಗ್ಗದ ಸುತ್ತ ಯಾರೂ ನಿಲ್ಲಬಾರದು. ಹೊರಬಂದ ಮೇಲೆ ಸಿಹಿನೀರಲ್ಲಿ ತೊಳೆಯಿರಿ, ವೈರ್ ಕನೆಕ್ಟರ್‌ಗಳನ್ನು ಒಣಗಿಸಿ. ಉಪ್ಪು ಬಿಟ್ಟರೆ ತಿಂಗಳಲ್ಲಿ ಹಸಿರು ಕಿಲುಬು.

ಗುಂಡಿ ಅಂಚಿಗೆ ಎಷ್ಟು ಹತ್ರ ನಿಲ್ಲಬಹುದು?

ಇಲ್ಲಿಯ ಅಂದಾಜು ಅಲ್ಲಿಗೆ ತಗೊಂಡು ಹೋಗಬೇಡಿ. ಬೀದರ್‌ನ ಕೆಂಪು ಜಂಬಿಟ್ಟಿಗೆ ನೆಲ ಗೋಡೆ ಹಾಗೆ ನೆಟ್ಟಗೆ ನಿಲ್ಲುತ್ತದೆ. ಬೇಸಿಗೆಯ ಎರಿ ಮಣ್ಣೂ ನಿಂತ ಹಾಗೆ ಕಾಣುತ್ತದೆ. ಒಣ ಉಸುಕು 30, 35 ಡಿಗ್ರಿ ಇಳಿಜಾರಿಗೆ ಬಂದೇ ನಿಲ್ಲುವುದು. ಅಂದರೆ ಎರಡು ಮೀಟರ್ ಆಳದ ಗುಂಡಿ ಮೂರು, ಮೂರೂವರೆ ಮೀಟರ್ ಹಿಂದಿನ ತನಕ ಕುಸಿಯಬಹುದು. ಮುಂಜಾನೆ ಇಬ್ಬನಿಯ ಹಸಿಗೆ ನಿಂತದ್ದು ಹತ್ತು ಗಂಟೆಗೆ ಒಣಗಿ ಜಾರುತ್ತದೆ. ಚೈನ್ ಅಂಚಿನ ಉದ್ದಕ್ಕೆ ಇಡಬೇಡಿ, ಅಂಚಿನ ಕಡೆ ನೇರವಾಗಿ ಮುಖ ಮಾಡಿ ನಿಲ್ಲಿ, ಹಿಂದೆ ಸರಿಯಲು ದಾರಿ ಇರುತ್ತದೆ.

ಲೋಡರ್ ಟೈರ್ ಗಾಳಿ ಉಸುಕಿನಾಗ ಕಡಿಮಿ ಮಾಡ್ಬೇಕಾ?

ಜೀಪಿಗೆ ಮಾಡುವ ಹಾಗೆ ಲೋಡರ್‌ಗೆ, ಟಿಪ್ಪರ್‌ಗೆ ಮನಸ್ಸಿಗೆ ಬಂದಷ್ಟು ಇಳಿಸಬೇಡಿ. ಭಾರ ಹೊತ್ತ ಟೈರ್ ಗಾಳಿ ಕಡಿಮೆ ಇದ್ದರೆ ಪಕ್ಕ ಮಡಚಿ ಒಳಗೇ ಕಾಯುತ್ತದೆ, ಪದರ ಬಿಡುತ್ತದೆ. ಟೈರ್ ಕಂಪನಿ ಕೊಟ್ಟ ಪಟ್ಟಿಯಲ್ಲಿ ಉಸುಕಿಗೆ ಬೇರೆ ಅಳತೆ ಇದ್ದರೆ ಅಷ್ಟೇ. ಗಾಳಿ ನೋಡುವುದು ಮುಂಜಾನೆ, ಟೈರ್ ತಣ್ಣಗಿರುವಾಗ. ಮಧ್ಯಾಹ್ನ ಒತ್ತಡ ಏರಿದೆ ಅಂತ ಬಿಟ್ಟರೆ ಮರುದಿನ ಕಡಿಮೆ ಬೀಳುತ್ತದೆ.

## ಮಾಲೀಕರು, ಹಳೇ ಆಪರೇಟರ್‌ಗಳು ಕೇಳುವುದು

250 ತಾಸಿಗೆ ಸರ್ವಿಸ್ ಅಂತ ಪುಸ್ತಕದಾಗ ಅದ. ಅಲ್ಲೂ ಅದೇ ಲೆಕ್ಕಾನೋ?

ಅದೇ ಪುಸ್ತಕದ ಕೊನೆಯ ಪುಟಗಳಲ್ಲಿ ‘ಕಠಿಣ ಪರಿಸ್ಥಿತಿ’ ಅಂತ ಬೇರೆ ಪಟ್ಟಿ ಇರುತ್ತದೆ. ಧೂಳು, ಬಿಸಿ ಎರಡೂ ಅದರಲ್ಲಿ ಬರುತ್ತವೆ. ಅದನ್ನು ಓದಿ. ನಾವು ಎಷ್ಟೋ ಕೆಲಸಗಳನ್ನು ಪುಸ್ತಕದ ಅರ್ಧ ಲೆಕ್ಕಕ್ಕೆ, ಅಂದರೆ 250ರದ್ದು 125ಕ್ಕೆ ಇಳಿಸಿಕೊಂಡಿದ್ದೆವು.

ಅಂದಾಜು ಬೇಡ ಅಂದರೆ ಆಯಿಲ್ ಟೆಸ್ಟ್ ಮಾಡಿಸಿ. ಇಂಜಿನ್ ಬೆಚ್ಚಗಿರುವಾಗ ಶುದ್ಧ ಬಾಟಲಿಯಲ್ಲಿ ಸ್ವಲ್ಪ ಆಯಿಲ್ ತೆಗೆದು ಲ್ಯಾಬ್‌ಗೆ ಕೊಡುವುದು. ವರದಿಯಲ್ಲಿ ಸಿಲಿಕಾನ್ ಹೋದ ಸಲಕ್ಕಿಂತ ಏರಿದ್ದರೆ ಎಲ್ಲೋ ಉಸುಕು ಒಳಗೆ ಹೋಗುತ್ತಿದೆ. ಜೊತೆಗೆ ಕಬ್ಬಿಣ, ಕ್ರೋಮಿಯಂ ಏರಿದ್ದರೆ ಆ ಉಸುಕು ಲೈನರ್, ರಿಂಗ್ ತಿನ್ನಲು ಶುರು ಮಾಡಿದೆ. ಒಂದು ವರದಿಯಿಂದ ಹೆಚ್ಚು ಗೊತ್ತಾಗುವುದಿಲ್ಲ, ಮೂರು ನಾಲ್ಕು ಸಲದ್ದು ಪಕ್ಕ ಪಕ್ಕ ಇಟ್ಟು ನೋಡಬೇಕು. ಬಾಟಲಿ ಮುಚ್ಚಳ ಗಾಳಿಯಲ್ಲಿ ತೆರೆದಿಟ್ಟರೆ ವರದಿ ತುಂಬ ಉಸುಕೇ ಇರುತ್ತದೆ, ಅದು ಇಂಜಿನ್‌ದಲ್ಲ, ನಿಮ್ಮದು.

ಸೆಕೆಂಡ್ ಹ್ಯಾಂಡ್ ಹಿಟಾಚಿ ತಗೊಳ್ಳಾಕ ಹೊಂಟೀನಿ. ಧೂಳು ತಿಂದ ಇಂಜಿನ್ ಅಂತ ಹ್ಯಾಂಗ ಗೊತ್ತಾಗ್ತದ?

ಅವರ್ ಮೀಟರ್ ನಂಬಬೇಡಿ. ಹೊಸ ಬಣ್ಣ ನಂಬಬೇಡಿ, ಅದರಲ್ಲೂ ಪಿನ್‌ಗಳ ಸುತ್ತ ಬಳಿದ ಬಣ್ಣ.

ಬಕೆಟ್ ನೆಲದಿಂದ ಒಂದು ಗೇಣು ಎತ್ತಿ ನಿಲ್ಲಿಸಿ, ಕೈಯಿಂದ ಅಲ್ಲ, ಒಂದು ಹಾರೆ ಕೊಟ್ಟು ಪಕ್ಕಕ್ಕೆ ಅಲ್ಲಾಡಿಸಿ. ಬಕೆಟ್ ಕೆಳಗೆ ಕಾಲು ಇಡಬೇಡಿ. ಪಿನ್ ಸದ್ದು ಕೇಳುತ್ತದೆ. ಸ್ಪ್ರಾಕೆಟ್ ಹಲ್ಲು ಚೂಪಾಗಿ ಒಂದು ಕಡೆ ಬಾಗಿದ್ದರೆ ಚೈನ್ ಸೆಟ್ ಪೂರ್ತಿ ಖರ್ಚು ಅಂತ ಬರೆದುಕೊಳ್ಳಿ. ಇಂಜಿನ್ ಬಿಸಿ ಮಾಡಿ ಐಡಲ್‌ನಲ್ಲಿಟ್ಟು ಆಯಿಲ್ ಹಾಕುವ ಮುಚ್ಚಳ ಸಡಿಲಿಸಿ ಮೇಲೆ ಇಟ್ಟು ನೋಡಿ. ಮುಚ್ಚಳ ಕುಣಿದು ಕುಣಿದು ಬಿದ್ದರೆ, ಹೊಗೆ ಪುಸ್ ಪುಸ್ ಬಂದರೆ, ರಿಂಗ್ ಹೋಗಿವೆ.

ಆಮೇಲೆ ಇಂಜಿನ್ ಆಫ್ ಮಾಡಿಸಿ, ತಣ್ಣಗಾದ ಮೇಲೆ ಏರ್ ಫಿಲ್ಟರ್‌ನಿಂದ ಟರ್ಬೊಗೆ ಹೋಗುವ ದಪ್ಪ ರಬ್ಬರ್ ಪೈಪ್‌ನ ಕ್ಲಿಪ್ ಬಿಚ್ಚಿ. ಇದಕ್ಕೆ ಮಾರುವವನು ಬೇಡ ಅಂದರೆ ಅದೇ ಒಂದು ಉತ್ತರ. ಟರ್ಬೊ ರೆಕ್ಕೆಯ ತುದಿಗಳಿಗೆ ಟಾರ್ಚ್ ಹಿಡಿಯಿರಿ. ಹೊಸದರಲ್ಲಿ ಅಂಚು ಬ್ಲೇಡ್ ಹಾಗೆ ಚೊಕ್ಕ ಇರುತ್ತದೆ. ಉಸುಕು ತಿಂದದ್ದು ಇಲಿ ಕಡಿದ ಕಾಗದದಂತೆ ಇರುತ್ತದೆ. ಬಿಳಿ ಬಟ್ಟೆ ಬೆರಳಿಗೆ ಸುತ್ತಿ ಪೈಪ್ ಒಳಗೆ ಒಂದು ಸುತ್ತು ಒರೆಸಿ ಹೊರಗೆ ತೆಗೆಯಿರಿ. ಅದು ಫಿಲ್ಟರ್ ದಾಟಿ ಬಂದ ಗಾಳಿಯ ದಾರಿ, ಬಟ್ಟೆ ಬಿಳಿಯೇ ಇರಬೇಕು. ಬೆರಳ ನಡುವೆ ಉಜ್ಜಿದಾಗ ಕರಕರ ಅಂದರೆ ಬಟ್ಟೆ ಜೇಬಿಗೆ ಹಾಕಿಕೊಂಡು ಬೇರೆ ಮಷಿನ್ ನೋಡಲು ಹೊರಡಿ.